ಬೆಳಕಿನಿಂದ ಸೂಕ್ಷ್ಮಜೀವಿಗಳನ್ನು ಗುರುತಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಾತಿನ ನಡುವೆ, ಪತ್ರಗಳಲ್ಲಿ, ಉಪನ್ಯಾಸ ಮುಗಿದ ಮೇಲೆ ಬಾಗಿಲ ಬಳಿ ನಿಲ್ಲಿಸಿ ಜನ ಕೇಳುವ ಪ್ರಶ್ನೆಗಳಿವು. ಆದಷ್ಟು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಪಠ್ಯಪುಸ್ತಕಗಳು ಸ್ಪೆಕ್ಟ್ರಮ್‌ಗೆ 'ರೋಹಿತ' ಎನ್ನುತ್ತವೆ. ಚೆಂದದ ಪದ. ಆದರೆ ಲ್ಯಾಬಿನಲ್ಲಿ ಯಾರೂ ಹಾಗೆ ಅಂದದ್ದನ್ನು ನಾನು ಕೇಳಿಲ್ಲ, ಹಾಗಾಗಿ ಇಲ್ಲೂ ಸ್ಪೆಕ್ಟ್ರಮ್ ಎಂದೇ ಇದೆ.

ಶುರುವಿಗೆ

ಬೆಳಕು ಹಾಯಿಸಿದರೆ ಬ್ಯಾಕ್ಟೀರಿಯಾ ಯಾವುದು ಅಂತ ಹೇಗೆ ಗೊತ್ತಾಗುತ್ತೆ? ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸಾಲದಾ?

ಮೈಕ್ರೋಸ್ಕೋಪ್ ಆಕಾರ ತೋರಿಸುತ್ತದೆ. ಆದರೆ ಬ್ಯಾಕ್ಟೀರಿಯಾಗಳಿಗೆ ಆಕಾರಗಳದ್ದೇ ಬರ. ಕಡ್ಡಿಯಂತೆ, ಗುಂಡಗೆ, ಸುರುಳಿಯಾಗಿ, ಹೆಚ್ಚುಕಡಿಮೆ ಅಷ್ಟೆ. ಕರುಳಿನಲ್ಲಿ ತನ್ನ ಪಾಡಿಗೆ ಇರುವ ಇ. ಕೋಲಿಯೂ ಟೈಫಾಯ್ಡ್ ತರುವ ಸಾಲ್ಮೊನೆಲ್ಲಾವೂ ನೋಡಲು ಒಂದೇ ತರಹದ ಕಡ್ಡಿಗಳು.

ಸ್ಪೆಕ್ಟ್ರೋಸ್ಕೋಪಿ, ಅಂದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ಅಳೆಯುವ ವಿದ್ಯೆ, ಆಕಾರದ ಗೊಡವೆಗೆ ಹೋಗುವುದಿಲ್ಲ. ಜೀವಕೋಶದೊಳಗೆ ಪ್ರೋಟೀನು, ಕೊಬ್ಬು, ಸಕ್ಕರೆ, ಡಿಎನ್‌ಎ, ಬಣ್ಣದ ಅಣುಗಳು ಇರುತ್ತವೆ. ಪ್ರತಿ ಅಣುವೂ ತನಗೆ ಹೊಂದುವ ಬಣ್ಣದ ಬೆಳಕನ್ನು ನುಂಗುತ್ತದೆ, ಇಲ್ಲವೇ ಬಂದ ಬೆಳಕಿನ ಬಣ್ಣವನ್ನು ಕೊಂಚ ಬದಲಿಸಿ ಹೊರಗೆ ಹಾಕುತ್ತದೆ. ಯಾವ ಬಣ್ಣ ಎಷ್ಟು ಬಂತು ಅಂತ ಗೆರೆ ಎಳೆದರೆ ಅದೇ ಸ್ಪೆಕ್ಟ್ರಮ್.

ಇಲ್ಲೊಂದು ಮಾತು ಮನಸ್ಸಿನಲ್ಲಿರಲಿ, ಮುಂದಿನ ಅರ್ಧ ಉತ್ತರಗಳು ಇದರಿಂದಲೇ ಹುಟ್ಟುತ್ತವೆ. ಬೆಳಕು ಹೆಸರು ಹೇಳುವುದಿಲ್ಲ. ಒಳಗಿನ ಸಾಮಾನಿನ ಪಟ್ಟಿಯನ್ನಷ್ಟೇ ಕೊಡುತ್ತದೆ. ಆ ಪಟ್ಟಿಯನ್ನು ಮೊದಲೇ ಗೊತ್ತಿರುವ ಪಟ್ಟಿಗಳ ಪಕ್ಕ ಇಟ್ಟು, ಇದು ಅದೇ ಇರಬೇಕು ಅನ್ನುವವರು ನಾವು.

ಓಡಿ 600 ಅಂತ ಲ್ಯಾಬಿನಲ್ಲಿ ದಿನಾ ನೋಡ್ತೀವಿ. ಅದೂ ಸ್ಪೆಕ್ಟ್ರೋಸ್ಕೋಪಿನೇ ಅಲ್ವಾ?

ಯಂತ್ರ ಅದೇ, ಕೆಲಸ ಬೇರೆ. ಓಡಿ ಅಂದರೆ ಆಪ್ಟಿಕಲ್ ಡೆನ್ಸಿಟಿ, ದ್ರವದ ಮೂಲಕ ಹೋಗುವ ಬೆಳಕು ಎಷ್ಟು ಕಮ್ಮಿಯಾಯಿತು ಎಂಬ ಅಳತೆ. 600 ಎಂಬುದು ಬೆಳಕಿನ ತರಂಗಾಂತರ, ಅಂದರೆ ಅದರ ಬಣ್ಣ. 600 ನ್ಯಾನೋಮೀಟರಿನ ಕಿತ್ತಳೆ ಬೆಳಕನ್ನು ಬ್ಯಾಕ್ಟೀರಿಯಾ ನುಂಗುವುದು ತೀರಾ ಕಮ್ಮಿ. ಅದು ಬೆಳಕನ್ನು ಅತ್ತಿತ್ತ ಚದುರಿಸುತ್ತದೆ, ಮಂಜು ಕವಿದಾಗ ಆಗುವ ಹಾಗೆ. ಆ ಕದಡನ್ನು ನಾವು ಅಳೆಯುತ್ತಿರುತ್ತೇವೆ. 600 ಯಾಕೆಂದರೆ, ಬೆಳೆಸುವ ದ್ರವದ ಹಳದಿ ಬಣ್ಣ ಅಲ್ಲಿ ಅಡ್ಡ ಬರುವುದಿಲ್ಲ, ಜೀವಕ್ಕೂ ಅದರಿಂದ ಏಟಿಲ್ಲ.

ಇ. ಕೋಲಿಯಲ್ಲಿ ಓಡಿ 1 ಅಂದರೆ ಮಿಲಿಲೀಟರಿಗೆ ಸುಮಾರು 80 ಕೋಟಿ ಕೋಶ ಎಂಬ ಲೆಕ್ಕ ಬಳಕೆಯಲ್ಲಿದೆ. ಯೀಸ್ಟಿಗೆ ಇದೇ ಲೆಕ್ಕ ಹಾಕಿದರೆ ಕೆಟ್ಟಿತು. ಯೀಸ್ಟ್ ಕೋಶ ದೊಡ್ಡದು, ಅಷ್ಟೇ ಕದಡಿಗೆ ತುಂಬಾ ಕಡಿಮೆ ಕೋಶ ಸಾಕು. ಇನ್ನೊಂದು, ಸತ್ತ ಕೋಶವೂ ಬೆಳಕು ಚದುರಿಸುತ್ತದೆ. ಎಷ್ಟಿವೆ ಅನ್ನುವುದಕ್ಕೆ ಓಡಿ ಒಳ್ಳೆಯ ಅಂದಾಜು. ಯಾರು, ಬದುಕಿದ್ದಾರಾ ಅನ್ನುವುದಕ್ಕೆ ಅದರ ಹತ್ತಿರ ಉತ್ತರವಿಲ್ಲ.

ನೇರಳಾತೀತ ದೀಪ ಹಿಡಿದರೆ ಬ್ಯಾಕ್ಟೀರಿಯಾ ಹೊಳೆಯುತ್ತಂತೆ, ನಿಜವಾ?

ಕೆಲವು ನಿಜಕ್ಕೂ ಹೊಳೆಯುತ್ತವೆ. ಚರ್ಮದ ವೈದ್ಯರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅವರ ವುಡ್ಸ್ ಲ್ಯಾಂಪ್ 365 ನ್ಯಾನೋಮೀಟರ್ ಆಸುಪಾಸಿನ ಬೆಳಕು ಕೊಡುತ್ತದೆ. ಎರಿಥ್ರಾಸ್ಮಾ ಎಂಬ ಚರ್ಮರೋಗದಲ್ಲಿ ಮಡಿಕೆಯ ಜಾಗ ಹವಳದ ಕೆಂಪಿನಲ್ಲಿ ಹೊಳೆಯುತ್ತದೆ. ಅಲ್ಲಿರುವ ಕೋರಿನೆಬ್ಯಾಕ್ಟೀರಿಯಂ ಹೊರಹಾಕುವ ಪೋರ್ಫಿರಿನ್ ಎಂಬ ಬಣ್ಣದ ಅಣು ಅದಕ್ಕೆ ಕಾರಣ. ಮಜಾ ಏನೆಂದರೆ, ರೋಗಿ ಆಗಷ್ಟೇ ಸ್ನಾನ ಮಾಡಿ ಬಂದಿದ್ದರೆ ಹೊಳಪು ಕಾಣದೆ ಹೋಗಬಹುದು. ಪೋರ್ಫಿರಿನ್ ನೀರಿಗೆ ಕರಗಿ ಹೋಗಿರುತ್ತದೆ, ರೋಗ ಅಲ್ಲೇ ಇರುತ್ತದೆ! ಸುಟ್ಟ ಗಾಯದಲ್ಲಿ ಸ್ಯೂಡೊಮೊನಾಸ್ ಸೇರಿದ್ದರೆ ಹಸಿರು ಹೊಳಪು ಕಾಣಿಸುತ್ತದೆ. ಅದು ಪಯೋವರ್ಡಿನ್ ಎಂಬ ಅಣುವಿನದು.

ಇವೆಲ್ಲ ವಿಶೇಷ ಪ್ರಕರಣಗಳು. ಬಣ್ಣದ ಅಣು ಇಲ್ಲದ ಬ್ಯಾಕ್ಟೀರಿಯಾವೂ ಸಣ್ಣಗೆ ಹೊಳೆಯುತ್ತದೆ, ಕಣ್ಣಿಗೆ ಕಾಣುವಷ್ಟಲ್ಲ. ಪ್ರೋಟೀನಿನಲ್ಲಿರುವ ಟ್ರಿಪ್ಟೋಫ್ಯಾನ್ 280ರ ಬೆಳಕು ತಗೊಂಡು 350ರ ಹತ್ತಿರ ಬಿಡುತ್ತದೆ, ಕೋಶದ ಶಕ್ತಿ ವ್ಯವಹಾರಕ್ಕೆ ಬೇಕಾದ ಎನ್‌ಎಡಿಎಚ್ ಎಂಬ ಅಣು 340ರಲ್ಲಿ ತಗೊಂಡು 460ರ ಸುತ್ತ. ಇವು ಎಲ್ಲ ಜೀವಕೋಶಗಳಲ್ಲೂ ಇವೆ. ಹಾಗಾಗಿ ಗಾಳಿಯಲ್ಲಿ ತೇಲುವ ಕಣ ಬರೀ ಧೂಳಾ, ಜೀವ ಇದ್ದದ್ದಾ ಅಂತ ಬೇರ್ಪಡಿಸಲು ಈ ಹೊಳಪು ಸಾಕು. ಹೆಸರು ಕೇಳಿದರೆ ಸಾಲದು.

ಹಾಗಾದ್ರೆ ಮನೆಯಲ್ಲಿ ಯುವಿ ಟಾರ್ಚ್ ಹಿಡಿದು ನೋಡಬಹುದಲ್ವಾ? ಮೊಬೈಲ್ ಆ್ಯಪ್ ಕೂಡ ಇದೆ ಅಂತಾರೆ.

ನೋಡಬಹುದು, ನಂಬಬೇಡಿ. ಬಟ್ಟೆಯ ಸೋಪಿನಲ್ಲಿ ಬೆಳ್ಳಗೆ ಕಾಣಿಸುವ ರಾಸಾಯನಿಕ ಇರುತ್ತದೆ, ಅದು ಯುವಿಯಲ್ಲಿ ಜೋರಾಗಿ ಹೊಳೆಯುತ್ತದೆ. ಕಾಗದ, ನೂಲಿನ ಎಳೆ, ಕೆಲವು ಮುಲಾಮುಗಳದ್ದೂ ಅದೇ ಕಥೆ. ತೊಳೆದು ಒಣಗಿಸಿದ ಟವೆಲ್ಲೇ ಎಲ್ಲಕ್ಕಿಂತ ಗಲೀಜು ಅನಿಸಿಬಿಡುತ್ತದೆ! ಇನ್ನು ಮೊಬೈಲ್ ಕ್ಯಾಮೆರಾ ಬಣ್ಣಗಳನ್ನು ಮೂರೇ ಡಬ್ಬಿಗೆ ತುಂಬುತ್ತದೆ: ಕೆಂಪು, ಹಸಿರು, ನೀಲಿ. ಬ್ಯಾಕ್ಟೀರಿಯಾದ ಹೆಸರು ಹಿಡಿಯಲು ನೂರಾರು ಡಬ್ಬಿ ಬೇಕು.

ಸ್ವಲ್ಪ ಒಳಗೆ

ರಾಮನ್ ಸ್ಪೆಕ್ಟ್ರೋಸ್ಕೋಪಿ ಅಂದ್ರೆ ಸಿ.ವಿ. ರಾಮನ್ ಅವರದ್ದೇನಾ? ಅದಕ್ಕೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ?

ಅವರದ್ದೇ. 1928ರ ಫೆಬ್ರವರಿ 28ರಂದು ರಾಮನ್ ಮತ್ತು ಕೆ.ಎಸ್. ಕೃಷ್ಣನ್ ನೋಡಿದ್ದು ದ್ರವಗಳಲ್ಲಿ. ಅಣುವಿಗೆ ಬಡಿದು ವಾಪಸ್ ಬರುವ ಬೆಳಕಿನಲ್ಲಿ ತುಂಬಾ ಸಣ್ಣ ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಅಣು ಸುಮ್ನೆ ಇರುವುದಿಲ್ಲ, ನಡುಗುತ್ತಿರುತ್ತದೆ. ಬಡಿದ ಬೆಳಕು ಆ ನಡುಕಕ್ಕೆ ಒಂದಿಷ್ಟು ಶಕ್ತಿ ಕೊಟ್ಟು ಬಡವಾಗಿ ಹೊರಬರುತ್ತದೆ. ಎಷ್ಟು ಬಡವಾಯಿತು ಅಂತ ನೋಡಿದರೆ ಯಾವ ಬಂಧ ನಡುಗಿತು ಅಂತ ತಿಳಿಯುತ್ತದೆ.

ಸಮಸ್ಯೆ ಇರುವುದು ಆ 'ಸಣ್ಣ ಪಾಲಿ'ನಲ್ಲಿ. ಚದುರಿದ ಬೆಳಕಿನಲ್ಲಿ ಕೋಟಿಗೆ ಒಂದರ ಲೆಕ್ಕದಲ್ಲಿ ಮಾತ್ರ ಹೀಗಾಗುತ್ತದೆ. ಒಂದು ಇ. ಕೋಲಿ ಕೋಶ ಎರಡು ಮೈಕ್ರೋಮೀಟರ್ ಉದ್ದ, ಅದರ ತೂಕ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಭಾಗ, ಅದರಲ್ಲೂ ಮುಕ್ಕಾಲು ಹತ್ತಿರ ನೀರು. ಪಾದರಸದ ದೀಪ ಇಟ್ಟುಕೊಂಡು ಅದರ ಸ್ಪೆಕ್ಟ್ರಮ್ ತೆಗೆಯುವುದು ಆಗದ ಮಾತು. 1960ರಲ್ಲಿ ಲೇಸರ್ ಬಂತು, ಆಮೇಲೆ ಒಳ್ಳೆಯ ಫಿಲ್ಟರು, ತಣ್ಣಗಿಟ್ಟ ಕ್ಯಾಮೆರಾ ಬಂದವು. ಈಗ ಮೈಕ್ರೋಸ್ಕೋಪಿನ ಮೂಲಕ ಲೇಸರನ್ನು ಒಂದೇ ಕೋಶದ ಮೇಲೆ ನಿಲ್ಲಿಸಬಹುದು.

ಆ ಏರಿಳಿತದ ಗೆರೆಯನ್ನು ಓದೋದು ಹೇಗೆ? ನನಗೆ ಎಲ್ಲಾ ಒಂದೇ ತರ ಕಾಣುತ್ತೆ.

ಮೊದಮೊದಲು ಎಲ್ಲರಿಗೂ ಹಾಗೇ. ಹಿಡಿಯಲು ಒಂದು ಗೂಟ ಬೇಕು. ಅಡ್ಡಸಾಲಿನಲ್ಲಿ ಇರುವುದು ವೇವ್‌ನಂಬರ್, ಬೆಳಕು ಎಷ್ಟು ಬಡವಾಯಿತು ಎಂಬುದರ ಅಳತೆ. ಅದರಲ್ಲಿ 1003ರ ಹತ್ತಿರ ಸೂಜಿಯಂತೆ ಎದ್ದ ಚೂಪು ಗೆರೆ ಹುಡುಕಿ. ಅದು ಪ್ರೋಟೀನಿನಲ್ಲಿರುವ ಫಿನೈಲ್‌ಅಲನೀನ್, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುತ್ತದೆ. ಅದು ಕಾಣಲಿಲ್ಲ ಅಂದರೆ ನಿಮ್ಮ ಲೇಸರ್ ಕೋಶದ ಮೇಲಿಲ್ಲ, ಖಾಲಿ ಜಾಗದಲ್ಲಿದೆ. ಆಮೇಲೆ ಬಲಕ್ಕೆ ಹೋಗಿ: 1450ರಲ್ಲಿ ಕೊಬ್ಬು ಮತ್ತು ಪ್ರೋಟೀನಿನ ಇಂಗಾಲ-ಜಲಜನಕ ಬಂಧಗಳು, 1660ರ ಸುತ್ತ ಪ್ರೋಟೀನಿನ ಬೆನ್ನೆಲುಬು. ದೂರದಲ್ಲಿ 2900ರ ಬಳಿ ದೊಡ್ಡ ಗುಡ್ಡ. ಗುಡ್ಡ ನೋಡಿ ಖುಷಿಪಡಬೇಡಿ, ಅದು ಪ್ರತಿ ಜೀವಿಯಲ್ಲೂ ಹೆಚ್ಚುಕಡಿಮೆ ಒಂದೇ.

ಕೆಲವರು ಮಾತ್ರ ದೂರದಿಂದಲೇ ಗುರುತು ಸಿಗುತ್ತಾರೆ. ಸ್ಟ್ಯಾಫಿಲೊಕಾಕಸ್ ಆರಿಯಸ್‌ನ ಹೊಂಬಣ್ಣಕ್ಕೆ ಕೆರೊಟಿನಾಯ್ಡ್ ಎಂಬ ಬಣ್ಣದ ಅಣು ಕಾರಣ. ಹಸಿರು ಲೇಸರ್ ಬಿದ್ದರೆ ಅದರ ಎರಡು ಗೆರೆಗಳು, 1160 ಮತ್ತು 1525ರ ಆಸುಪಾಸಿನವು, ಉಳಿದವನ್ನು ಮುಚ್ಚಿ ಎದ್ದು ನಿಲ್ಲುತ್ತವೆ. ಇಂಥ ಸುಲಭದ ಕೇಸುಗಳು ಕಡಿಮೆ. ಮಿಕ್ಕವರಲ್ಲಿ ವ್ಯತ್ಯಾಸ ಇರುವುದು ಗೆರೆಗಳ ಎತ್ತರದ ಅನುಪಾತದಲ್ಲಿ. ಅದಕ್ಕೆ ಕಣ್ಣು ಸಾಲದು, ಲೆಕ್ಕ ಬೇಕು.

ಎಫ್‌ಟಿಐಆರ್ ಒಳ್ಳೇದಾ, ರಾಮನ್ ಒಳ್ಳೇದಾ?

ಒಂದೇ ಕೋಶ ನೋಡಬೇಕು, ಅಥವಾ ಮಾದರಿ ನೀರಿನಲ್ಲಿದೆ ಅಂದರೆ ರಾಮನ್. ಪ್ಲೇಟಿನ ಮೇಲೆ ಕಾಲೊನಿ, ಅಂದರೆ ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು, ಬೆಳೆದಿದೆ, ಒಂದೇ ಜಾತಿಯೊಳಗಿನ ತಳಿಗಳನ್ನು ಬೇರ್ಪಡಿಸಬೇಕು ಅಂದರೆ ಎಫ್‌ಟಿಐಆರ್.

ಎಫ್‌ಟಿಐಆರ್‌ನಲ್ಲಿ ಅವಗೆಂಪು ಬೆಳಕನ್ನು ಮಾದರಿ ಎಷ್ಟು ನುಂಗಿತು ಅಂತ ನೋಡುತ್ತೇವೆ. ನೀರು ಇದಕ್ಕೆ ಶತ್ರು, ಪ್ರೋಟೀನ್ ಗೆರೆ ಇರುವ 1640ರ ಹತ್ತಿರವೇ ಅದೂ ನುಂಗುತ್ತದೆ. ಅದಕ್ಕೇ ಹನಿಯನ್ನು ಪೂರ್ತಿ ಒಣಗಿಸಬೇಕು. 1991ರಲ್ಲಿ ಬರ್ಲಿನ್‌ನ ರಾಬರ್ಟ್ ಕಾಖ್ ಸಂಸ್ಥೆಯ ಡೀಟರ್ ನೌಮನ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಈ ದಾರಿಯನ್ನು ಎಲ್ಲರ ಕಣ್ಣಿಗೆ ಬೀಳುವಂತೆ ತೋರಿಸಿದರು. 900ರಿಂದ 1200ರ ನಡುವಿನ ಸಕ್ಕರೆಗಳ ಭಾಗ ಇದರ ನಿಜವಾದ ಬಂಡವಾಳ. ಕೋಶದ ಹೊರಮೈಯ ಸಕ್ಕರೆ ತಳಿಯಿಂದ ತಳಿಗೆ ಬದಲಾಗುತ್ತದೆ. ಒಂದು ವಾರ್ಡಿನಲ್ಲಿ ಐದು ಜನರಿಗೆ ಸೋಂಕು ಬಂದರೆ ಅದು ಒಂದೇ ಮೂಲದ್ದಾ ಅಂತ ಬೇಗ ಅಂದಾಜು ಮಾಡಲು ಇದು ಬಳಕೆಯಲ್ಲಿದೆ.

ಬೆಳ್ಳಿಯ ಕಣ ಹಾಕಿದರೆ ರಾಮನ್ ಸಂಕೇತ ಲಕ್ಷ ಪಟ್ಟು ಹೆಚ್ಚುತ್ತಂತೆ. ಹಾಗಿದ್ದ ಮೇಲೆ ಎಲ್ಲರೂ ಅದನ್ನೇ ಯಾಕೆ ಮಾಡಲ್ಲ?

ಇದನ್ನು ಸರ್ಸ್ ಅನ್ನುತ್ತಾರೆ. 1974ರಲ್ಲಿ ಫ್ಲೈಶ್‌ಮನ್, ಹೆಂಡ್ರಾ, ಮೆಕ್‌ಕ್ವಿಲನ್ ಒರಟು ಬೆಳ್ಳಿಯ ಮೇಲೆ ಪಿರಿಡೀನ್ ಇಟ್ಟಾಗ ಸಿಗಬಾರದಷ್ಟು ಜೋರು ಸಂಕೇತ ಸಿಕ್ಕಿತು. ಅದು ಲೋಹದ ಮೇಲ್ಮೈಯ ಕೈಚಳಕ ಅಂತ 1977ರಲ್ಲಿ ಬೇರೆಯವರು ಹೇಳಿದರು.

ಲಕ್ಷ ಪಟ್ಟು ಹೆಚ್ಚುವುದು ನಿಜ, ಆದರೆ ಲೋಹಕ್ಕೆ ಅಂಟಿಕೊಂಡಷ್ಟಕ್ಕೆ ಮಾತ್ರ. ಕೆಲವೇ ನ್ಯಾನೋಮೀಟರ್ ಆಚೆಗೆ ಅದರ ಆಟ ನಡೆಯುವುದಿಲ್ಲ. ಕೋಶದ ಹೊಟ್ಟೆಯೊಳಗೆ ಏನಿದೆ ಅಂತ ಅದಕ್ಕೆ ಕಾಣದು. 730ರ ಹತ್ತಿರ ಬರುವ ಜೋರು ಗೆರೆ ಯಾರದ್ದು ಅಂತ ವರ್ಷಗಟ್ಟಲೆ ಜಗಳ ನಡೆದಿದೆ. ಕೋಶದ ಗೋಡೆಯ ಸಕ್ಕರೆ ಎಂದರು ಕೆಲವರು, ಡಿಎನ್‌ಎಯ ಘಟಕವಾದ ಅಡೆನಿನ್ ಎಂದರು ಕೆಲವರು. ಹಸಿವಾದಾಗ ಬ್ಯಾಕ್ಟೀರಿಯಾ ಹೊರಗೆ ಬಿಡುವ ಅಡೆನಿನ್‌ನಂಥ ಅಣುಗಳೇ ಹೆಚ್ಚಿನ ಪಾಲು ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಅಂದರೆ ನೀವು ಕೋಶ ಅಳೆದೆ ಅಂದುಕೊಂಡು ಅದು ಉಗುಳಿದ್ದನ್ನು ಅಳೆದಿರಬಹುದು! ಇದರ ಮೇಲೆ, ಈ ಬಾರಿ ಮಾಡಿದ ಬೆಳ್ಳಿ ಕಣ ಮುಂದಿನ ಬಾರಿಯದರ ಹಾಗೇ ಇರುತ್ತದೆ ಅನ್ನುವ ಭರವಸೆಯೂ ಇಲ್ಲ.

ಮಾಲ್ಡಿ-ಟಾಫ್ ಕೂಡ ಲೇಸರಿಂದಲೇ ಮಾಡೋದು ತಾನೆ?

ಮಾಲ್ಡಿ-ಟಾಫ್ ಅಂದರೆ ಅಣುಗಳ ತೂಕ ಅಳೆಯುವ ಒಂದು ಯಂತ್ರ. ಲೇಸರ್ ಇದೆ, ಆದರೆ ಅಲ್ಲಿ ಅದು ಬೆಂಕಿಕಡ್ಡಿ ಅಷ್ಟೆ. ಮಾದರಿಯನ್ನು ಹಾರಿಸಿ ವಿದ್ಯುದಂಶ ಕೊಡುತ್ತದೆ. ಆಮೇಲೆ ಅಳೆಯುವುದು ಪ್ರೋಟೀನುಗಳ ತೂಕವನ್ನು. ಅದು ಬೆಳಕಿನ ಸ್ಪೆಕ್ಟ್ರೋಸ್ಕೋಪಿ ಅಲ್ಲ. ದೊಡ್ಡ ಆಸ್ಪತ್ರೆಗಳ ಲ್ಯಾಬುಗಳಲ್ಲಿ ಕಾಲೊನಿಗೆ ಹೆಸರಿಡುವ ದಿನನಿತ್ಯದ ಕೆಲಸವನ್ನು ಗೆದ್ದಿರುವುದು ಅದೇ, ನ್ಯಾಯವಾಗಿಯೇ ಗೆದ್ದಿದೆ.

ರಕ್ತದ ಹನಿಗೆ ನೇರ ಲೇಸರ್ ಬಿಟ್ಟು ಸೆಪ್ಸಿಸ್ ಪತ್ತೆ ಮಾಡಬಹುದಲ್ಲ? ಎರಡು ದಿನ ಕಲ್ಚರ್‌ಗೆ ಯಾಕೆ ಕಾಯಬೇಕು?

ಎಲ್ಲಕ್ಕಿಂತ ಹೆಚ್ಚು ಸಲ ಬರುವ ಪ್ರಶ್ನೆ ಇದು. ಸೆಪ್ಸಿಸ್ ಅಂದರೆ ಸೋಂಕಿನಿಂದ ಅಂಗಾಂಗಗಳೇ ಕೆಡತೊಡಗುವ ಸ್ಥಿತಿ, ಕಲ್ಚರ್ ಅಂದರೆ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವುದು. ಉತ್ತರ ಲೆಕ್ಕದಲ್ಲಿದೆ. ಸೆಪ್ಸಿಸ್ ಆದ ವಯಸ್ಕರ ರಕ್ತದಲ್ಲಿ ಮಿಲಿಲೀಟರಿಗೆ ಹತ್ತಕ್ಕಿಂತ ಕಡಿಮೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ, ಕೆಲವೊಮ್ಮೆ ಒಂದೂ ಇರುವುದಿಲ್ಲ. ಅದೇ ಮಿಲಿಲೀಟರಿನಲ್ಲಿ ಕೆಂಪು ರಕ್ತಕಣ ಸುಮಾರು 500 ಕೋಟಿ. ಒಂದೊಂದು ಕಣಕ್ಕೆ ಒಂದು ಸೆಕೆಂಡ್ ಕೊಟ್ಟು ಹುಡುಕಲು ಕೂತರೆ ನೂರೈವತ್ತು ವರ್ಷ ಬೇಕು.

ಬೆಳಕಿಗೆ ಗುರುತಿಸುವ ಶಕ್ತಿ ಇದೆ, ಹುಡುಕುವ ಶಕ್ತಿ ಕಮ್ಮಿ. ಹಾಗಾಗಿ ಮೊದಲು ಸೋಸಬೇಕು, ಒಟ್ಟುಗೂಡಿಸಬೇಕು, ಇಲ್ಲವೇ ಬೆಳೆಸಬೇಕು. ಮೂತ್ರದ ಸೋಂಕಿನಲ್ಲಿ ದಾರಿ ಸುಲಭ, ಅಲ್ಲಿ ಮಿಲಿಲೀಟರಿಗೆ ಲಕ್ಷದ ಲೆಕ್ಕದಲ್ಲಿ ಬ್ಯಾಕ್ಟೀರಿಯಾ ಇರುತ್ತವೆ.

ಅಂದಹಾಗೆ, ಕಲ್ಚರ್ ಬಾಟಲಿಯಲ್ಲೂ ಕೆಲಸ ಮಾಡುವುದು ಬೆಳಕೇ. ಒಂದು ಬಗೆಯ ಬಾಟಲಿಯ ತಳದಲ್ಲಿ ಬಣ್ಣ ಬದಲಿಸುವ ಬಿಲ್ಲೆ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಅದು ಹಸಿರಿನಿಂದ ಹಳದಿಗೆ ತಿರುಗುತ್ತದೆ. ಯಂತ್ರ ಆ ಬಿಲ್ಲೆಯನ್ನು ಆಗಾಗ ನೋಡುತ್ತಿರುತ್ತದೆ.

ಜೀವ ಇದೆಯೋ ಸತ್ತಿದೆಯೋ, ಆ್ಯಂಟಿಬಯೋಟಿಕ್ ಕೆಲಸ ಮಾಡಿತೋ ಇಲ್ವೋ, ಅದನ್ನೂ ಹೇಳಬಹುದಾ?

ನನಗೆ ತೀರಾ ಇಷ್ಟವಾದ ಉಪಾಯ ಇದೇ. ಬ್ಯಾಕ್ಟೀರಿಯಾಕ್ಕೆ ಭಾರಜಲ ಬೆರೆಸಿದ ದ್ರವ ಕೊಡುತ್ತಾರೆ. ಬದುಕಿ ದುಡಿಯುತ್ತಿರುವ ಕೋಶ ಹೊಸ ಕೊಬ್ಬು, ಪ್ರೋಟೀನು ಕಟ್ಟುವಾಗ ಭಾರಜಲದಲ್ಲಿರುವ ಡ್ಯೂಟೀರಿಯಂ ಅನ್ನು, ಅಂದರೆ ಭಾರದ ಜಲಜನಕವನ್ನು, ಸೇರಿಸಿಕೊಳ್ಳುತ್ತದೆ. ಇಂಗಾಲ-ಡ್ಯೂಟೀರಿಯಂ ಬಂಧದ ಗೆರೆ ಬರುವುದು 2040ರಿಂದ 2300ರ ನಡುವೆ. ಕೋಶದ ಬೇರೆ ಗೆರೆಗಳು ಅಲ್ಲಿ ಸುಳಿಯುವುದಿಲ್ಲ, ಆ ಬಯಲು ಖಾಲಿ. ಅಲ್ಲಿ ದಿಬ್ಬ ಎದ್ದರೆ ಕೋಶ ದುಡಿಯುತ್ತಿದೆ. ಆ್ಯಂಟಿಬಯೋಟಿಕ್ ಹಾಕಿದ ಮೇಲೂ ದಿಬ್ಬ ಎದ್ದರೆ ಔಷಧಿಗೆ ಅದು ಜಗ್ಗಿಲ್ಲ. ಕೋಶ ಎರಡಾಗುವವರೆಗೆ ಕಾಯಬೇಕಿಲ್ಲ, ಹೆಸರೂ ಬೇಕಿಲ್ಲ. ಎಷ್ಟೋ ಸಲ ವೈದ್ಯರಿಗೆ ಹೆಸರಿಗಿಂತ ಇದೇ ಮುಖ್ಯ.

ವೈರಸ್?

ಕಷ್ಟ. ನೂರು ನ್ಯಾನೋಮೀಟರಿನ ವೈರಸ್ ಕಣದ ಗಾತ್ರ ಒಂದು ಬ್ಯಾಕ್ಟೀರಿಯಾದ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು, ಸಂಕೇತವೂ ಅಷ್ಟೇ ಸಣ್ಣದು. ಬೆಳ್ಳಿ, ಚಿನ್ನದ ಕಣಗಳ ನೆರವಿಲ್ಲದೆ ಆಗುವುದು ಅಪರೂಪ.

ಕೈ ಹಾಕಿದವರಿಗೆ

ಯಾವ ಲೇಸರ್ ಕೊಳ್ಳಲಿ, 532 ಅಥವಾ 785 ನ್ಯಾನೋಮೀಟರ್? ನನ್ನ ಸ್ಪೆಕ್ಟ್ರಮ್ ಬರೀ ಗುಡ್ಡದ ತರ ಬರ್ತಿದೆ.

ಮೊದಲು ಗುಡ್ಡದ ವಿಷಯ. 785ರಲ್ಲಿ ಮಾಮೂಲಿ ಗಾಜಿನ ಸ್ಲೈಡ್ ಬಳಸಿದ್ದೀರಾ ನೋಡಿ. ಗಾಜೇ ಅಗಲವಾಗಿ ಹೊಳೆಯುತ್ತದೆ. ಹೊಸತರಲ್ಲಿ ನಾನು ಒಂದಿಡೀ ಮಧ್ಯಾಹ್ನ ಕೋಶಕ್ಕೆ ಬೈದುಕೊಂಡು ಕೂತಿದ್ದೆ. ಕೊನೆಗೆ ಖಾಲಿ ಗಾಜಿನ ಸ್ಪೆಕ್ಟ್ರಮ್ ತೆಗೆದರೆ ಅದೇ ಗುಡ್ಡ! ಕ್ಯಾಲ್ಸಿಯಂ ಫ್ಲೋರೈಡ್ ಅಥವಾ ಕ್ವಾರ್ಟ್ಜ್ ಸ್ಲೈಡ್ ತಗೊಳ್ಳಿ. ದುಡ್ಡಿಲ್ಲದಿದ್ದರೆ ಅಲ್ಯೂಮಿನಿಯಂ ಹಾಳೆ ಸುತ್ತಿದ ಸ್ಲೈಡೂ ನಡೆಯುತ್ತದೆ.

ರಾಮನ್ ಚದುರುವಿಕೆ ತರಂಗಾಂತರದ ನಾಲ್ಕನೇ ಘಾತದಂತೆ ಇಳಿಯುತ್ತದೆ. ಬೇರೆಲ್ಲ ಒಂದೇ ಇದ್ದರೆ 532ರಲ್ಲಿ 785ಕ್ಕಿಂತ ಐದು ಪಟ್ಟಿನ ಹತ್ತಿರ ಜಾಸ್ತಿ ಸಂಕೇತ ಸಿಗುತ್ತದೆ. ಆದರೆ ಹಸಿರು ಬೆಳಕಿಗೆ ಕೋಶವೂ ಬೆಳೆಸಿದ ದ್ರವವೂ ಹೊಳೆಯುವುದು ಜಾಸ್ತಿ. ಒಂಟಿ ಕೋಶಕ್ಕೆ 532, ಬಣ್ಣದ ಜೀವಿ ಅಥವಾ ಕೊಳೆ ಮಾದರಿಗೆ 785 ಎಂಬುದು ನನ್ನ ರೂಢಿ. ಶಕ್ತಿಯನ್ನು ಕೆಲವೇ ಮಿಲಿವ್ಯಾಟ್‌ನಿಂದ ಶುರು ಮಾಡಿ. 1350 ಮತ್ತು 1580ರಲ್ಲಿ ಎರಡು ದಪ್ಪ ದಿಬ್ಬ ಎದ್ದವು ಅಂದರೆ ಕೋಶ ಸುಟ್ಟು ಇದ್ದಿಲಾಗಿದೆ. ಎಲ್ಲೋ ಒಂದು ಕಡೆ ಒಂಟಿ ಸೂಜಿ ಎದ್ದು, ಮತ್ತೆ ತೆಗೆದಾಗ ಕಾಣದಿದ್ದರೆ ಗಾಬರಿ ಬೇಡ. ಕ್ಯಾಮೆರಾಕ್ಕೆ ಕಾಸ್ಮಿಕ್ ಕಿರಣ ಬಡಿದಿರುತ್ತದೆ.

ನಮ್ಮ ಮಾಡೆಲ್ 99% ಸರಿ ಹೇಳ್ತಿದೆ. ಪೇಪರ್ ಬರೀಬಹುದಾ?

ಮಾಡೆಲ್ ಅಂದರೆ ಇಲ್ಲಿ ಸ್ಪೆಕ್ಟ್ರಮ್ ನೋಡಿ ಹೆಸರು ಹೇಳಲು ಕಲಿತ ಕಂಪ್ಯೂಟರ್ ಪ್ರೋಗ್ರಾಂ. ಪರೀಕ್ಷೆಗೆ ಇಟ್ಟ ಸ್ಪೆಕ್ಟ್ರಮ್‌ಗಳು ಎಲ್ಲಿಂದ ಬಂದವು ಅಂತ ಮೊದಲು ಹೇಳಿ. ಒಂದೇ ಪ್ಲೇಟಿನಿಂದ ಸಾವಿರ ತೆಗೆದು, ಕಲಸಿ, ಎಂಟುನೂರನ್ನು ಕಲಿಸಲು ಇನ್ನೂರನ್ನು ಪರೀಕ್ಷೆಗೆ ಇಟ್ಟಿದ್ದರೆ ಆ 99ಕ್ಕೆ ಬೆಲೆಯಿಲ್ಲ. ಒಂದೇ ಮಗುವಿನ ಫೋಟೋ ನೋಡಿಸಿ ಅದೇ ಮಗುವಿನ ಇನ್ನೊಂದು ಫೋಟೋ ಗುರುತಿಸು ಅಂದಂತೆ.

ನಾವೂ ಈ ಗುಂಡಿಗೆ ಬಿದ್ದಿದ್ದೇವೆ. ಎರಡು ಜಾತಿಗಳು, ಫಲಿತಾಂಶ ನೂರಕ್ಕೆ ನೂರರ ಹತ್ತಿರ, ಎಲ್ಲರ ಮುಖದಲ್ಲೂ ನಗು. ಆಮೇಲೆ ನೋಡಿದರೆ ಒಂದನ್ನು ಯಾವಾಗಲೂ ಬೆಳಿಗ್ಗೆ ಅಳೆದಿದ್ದೆವು, ಇನ್ನೊಂದನ್ನು ಮಧ್ಯಾಹ್ನ. ಯಂತ್ರ ಬಿಸಿಯಾದಂತೆ ಗೆರೆಗಳು ಕೂದಲೆಳೆಯಷ್ಟು ಸರಿದಿದ್ದವು. ಮಾಡೆಲ್ ಕಲಿತದ್ದು ಗಡಿಯಾರ ನೋಡುವುದನ್ನು. ಕ್ರಮ ಅದಲು ಬದಲು ಮಾಡಿ ಮತ್ತೆ ಅಳೆದ ದಿನ ನಗು ಮಾಯ.

ಹಾಗಾಗಿ ಭಾಗ ಮಾಡುವುದು ಕಲ್ಚರ್ ಲೆಕ್ಕದಲ್ಲಿ ಇರಲಿ. ಬೇರೆ ದಿನ, ಬೇರೆ ಪ್ಲೇಟು, ಸಾಧ್ಯವಾದರೆ ಬೇರೆ ಯಂತ್ರದಲ್ಲಿ ಅಳೆದ ಮಾದರಿ ಪರೀಕ್ಷೆಗೆ. ದಿನಾ ಸಿಲಿಕಾನ್ ತುಂಡಿನ 520ರ ಗೆರೆ ನೋಡಿ ಯಂತ್ರ ಹೊಂದಿಸಿ. ಪ್ರಾಮಾಣಿಕ ಅಂಕಿ ಹೇಗಿರುತ್ತದೆ ಅಂತ ಬೇಕಾ? 2019ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ 30 ಬಗೆಯ ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ತಳಿಗಳಿಗೆ ಡೀಪ್ ಲರ್ನಿಂಗ್ ಬಳಸಿ ಸುಮಾರು 82% ಪಡೆಯಿತು. ಆದರೆ ಯಾವ ಆ್ಯಂಟಿಬಯೋಟಿಕ್ ಕೊಡಬೇಕು ಎಂಬ ಪ್ರಶ್ನೆಗೆ 97%. ಮಾಡೆಲ್ ತಪ್ಪಿದಾಗಲೂ ಬಹುಪಾಲು ಒಂದೇ ಔಷಧಿಯ ಗುಂಪಿನೊಳಗೇ ತಪ್ಪಿತ್ತು. ಎರಡನೇ ಅಂಕಿ ನನಗೆ ಮೊದಲನೆಯದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಒಂದೇ ತಳಿ, ಹೋದ ವಾರ ಒಂದು ತರ, ಈ ವಾರ ಇನ್ನೊಂದು ತರ. ಯಂತ್ರ ಕೆಟ್ಟಿದೆಯಾ?

ಯಂತ್ರ ಸರಿ ಇರಬಹುದು, ಬ್ಯಾಕ್ಟೀರಿಯಾ ಬದಲಾಗಿದೆ. ಜೋರಾಗಿ ಬೆಳೆಯುವಾಗ ಆರ್‌ಎನ್‌ಎ ತುಂಬಿರುತ್ತದೆ, ಬೆಳವಣಿಗೆ ನಿಂತಾಗ ಇಳಿಯುತ್ತದೆ. ಆಹಾರ ಬೇರೆಯಾದರೆ ಕೊಬ್ಬು ಬೇರೆ. ವಯಸ್ಸು, ತಾಪಮಾನ, ದ್ರವ, ತೊಳೆದ ಬಗೆ ಎಲ್ಲವನ್ನೂ ಬರೆದಿಡಿ. ಎರಡು ಜಾತಿಗಳ ನಡುವಿನ ಅಂತರಕ್ಕಿಂತ ಒಂದೇ ಜಾತಿಯ ಹಸಿದ ಕೋಶ, ಉಂಡ ಕೋಶದ ನಡುವಿನ ಅಂತರ ದೊಡ್ಡದಿರುವುದೂ ಉಂಟು.

ಆಂಥ್ರಾಕ್ಸ್ ಪುಡಿಯನ್ನು ಬೆಳಕಿನಿಂದ ಕೂಡಲೇ ಪತ್ತೆ ಮಾಡ್ತಾರೆ ಅಂತ ಓದಿದೆ. ಎಷ್ಟು ನಂಬಬಹುದು?

ಅರ್ಧ. ಬ್ಯಾಸಿಲಸ್ ಗುಂಪಿನ ಬೀಜಾಣುಗಳ ಒಣತೂಕದಲ್ಲಿ ಶೇಕಡಾ 5ರಿಂದ 15ರಷ್ಟು ಡಿಪಿಕೊಲಿನಿಕ್ ಆಮ್ಲ ಇರುತ್ತದೆ. ಅದನ್ನು ಹೊರತೆಗೆದು ಟೆರ್ಬಿಯಂ ಸೇರಿಸಿ ಯುವಿ ಬಿಟ್ಟರೆ 545 ನ್ಯಾನೋಮೀಟರಿನಲ್ಲಿ ಹಸಿರಾಗಿ ಬೆಳಗುತ್ತದೆ. ರಾಮನ್‌ನಲ್ಲಿ 1017ರ ಗೆರೆಯೂ ಅದರದ್ದೇ. ಹಿಟ್ಟಾ, ಬೀಜಾಣುವಾ ಅಂತ ಕೆಲವೇ ನಿಮಿಷಗಳಲ್ಲಿ ಹೇಳಬಹುದು. ಆದರೆ ಮಣ್ಣಿನಲ್ಲಿರುವ ಸಾಧು ಬ್ಯಾಸಿಲಸ್‌ನ ಬೀಜಾಣುವೂ ಹೀಗೇ ಹೊಳೆಯುತ್ತದೆ. ಅದು ಆಂಥ್ರಾಕ್ಸೇ ಅನ್ನಲು ಡಿಎನ್‌ಎ ಪರೀಕ್ಷೆ ಬೇಕು.

ನಮ್ಮ ಲೈಬ್ರರಿಯಲ್ಲೇ ಇಲ್ಲದ ಜೀವಿ ಬಂದರೆ ಯಂತ್ರ ಏನು ಹೇಳುತ್ತೆ?

ಸುಳ್ಳು ಹೇಳುತ್ತದೆ, ಅದೂ ಧೈರ್ಯವಾಗಿ. 30 ಹೆಸರು ಕಲಿತ ಮಾಡೆಲ್ 31ನೆಯವನನ್ನು ಆ 30ರಲ್ಲೇ ಒಂದಕ್ಕೆ ತುರುಕುತ್ತದೆ. 'ಗೊತ್ತಿಲ್ಲ' ಅನ್ನುವುದನ್ನೂ ಅದಕ್ಕೆ ಬೇರೆಯಾಗಿ ಕಲಿಸಬೇಕು. ಹತ್ತಿರದ ಗೊತ್ತಿರುವ ಸ್ಪೆಕ್ಟ್ರಮ್‌ನಿಂದ ಇಷ್ಟು ದೂರ ಹೋದರೆ ಹೆಸರು ಹೇಳಬೇಡ ಅಂತ ಗಡಿ ಹಾಕಬೇಕು.

ಇದರ ತುತ್ತತುದಿ ಮಂಗಳ ಗ್ರಹದಲ್ಲಿದೆ. 2021ರ ಫೆಬ್ರವರಿಯಲ್ಲಿ ಅಲ್ಲಿ ಇಳಿದ ಪರ್ಸೆವೆರೆನ್ಸ್ ರೋವರಿನ ತೋಳಿನಲ್ಲಿ ಶೆರ್ಲಾಕ್ ಎಂಬ ಉಪಕರಣ ಇದೆ, 248.6 ನ್ಯಾನೋಮೀಟರಿನ ಲೇಸರ್. ಈ ತರಂಗಾಂತರದ ಆಯ್ಕೆ ಜಾಣತನದ್ದು. ರಾಮನ್ ಗೆರೆಗಳೆಲ್ಲ 276ರೊಳಗೆ ಮುಗಿಯುತ್ತವೆ, ಹೊಳಪು ಶುರುವಾಗುವುದು ಅದರಾಚೆ. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಲ್ಲಿ ಹೋಲಿಸಲು ಯಾವ ಲೈಬ್ರರಿಯೂ ಇಲ್ಲ, ಹಾಗಾಗಿ ಅದು ಯಾರ ಹೆಸರನ್ನೂ ಕೇಳುವುದಿಲ್ಲ. ಇಂಗಾಲದ ಉಂಗುರಗಳಿರುವ ಅಣು ಇದೆಯಾ, ಕಲ್ಲಿನ ಯಾವ ಭಾಗದಲ್ಲಿದೆ ಅಂತ ಮಾತ್ರ ನೋಡುತ್ತದೆ. ಅಷ್ಟಕ್ಕೂ ತಕರಾರು ಬಂದಿದೆ: ಸೀರಿಯಂ ಇರುವ ಖನಿಜವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಹೊಳೆಯುತ್ತದೆ.